ಜೋಡಿಯಾಗಿ ಕಾಣುವ ಅಕ್ಷರ, ತುಂಡಾದ ಅಂಚು, ಉಬ್ಬು ಗೆರೆ: ಇವುಗಳಲ್ಲಿ ಟಂಕಸಾಲೆಯ ದೋಷ ಯಾವುದು?

ಪ್ರಶ್ನೆ
ಬರೆದವರು: ಕಾಲಾಣೆ

ಬ್ರಿಟಿಷ್ ಆಡಳಿತ ಕಾಲದ ನಾಣ್ಯಗಳನ್ನು ಇಸವಿವಾರು ಜೋಡಿಸಿಡುವುದು ನನ್ನ ಹವ್ಯಾಸ. ಇದುವರೆಗೆ ಇಸವಿ, ಟಂಕಸಾಲೆಯ ಗುರುತು ಮತ್ತು ಸವಕಳಿಯ ಮಟ್ಟ ಇಷ್ಟನ್ನೇ ನೋಡುತ್ತಿದ್ದವನು, ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಲೂಪ್ ಕೈಗೆ ಬಂದ ಮೇಲೆ ಒಂದೊಂದು ಅಕ್ಷರವನ್ನೂ ಪರೀಕ್ಷಿಸತೊಡಗಿದ್ದೇನೆ. ಇದರಿಂದ ಅನುಮಾನಗಳು ಕಡಿಮೆಯಾಗುವ ಬದಲು ಹೆಚ್ಚಿವೆ. ಮುಖ್ಯವಾಗಿ ಮೂರು ನಾಣ್ಯಗಳ ಬಗ್ಗೆ ತಿಳಿದವರ ಅಭಿಪ್ರಾಯ ಬೇಕಾಗಿದೆ.

ಮೊದಲನೆಯದು 1862ರ ವಿಕ್ಟೋರಿಯಾ ಕ್ವೀನ್ ಬೆಳ್ಳಿ ರೂಪಾಯಿ. ಇದರ ಮುಂಬದಿಯಲ್ಲಿ ‘ಕ್ವೀನ್’ ಪದದ ಕೊನೆಯ ಮೂರು ಅಕ್ಷರಗಳ ಬಲ ಮಗ್ಗುಲಿಗೆ ಅಂಟಿಕೊಂಡಂತೆ ಇನ್ನೊಂದು ತೆಳುವಾದ ಅಕ್ಷರದ ರೇಖೆ ಕಾಣುತ್ತದೆ. ಉಳಿದ ಅಕ್ಷರಗಳು ಸ್ವಚ್ಛವಾಗಿವೆ. ಹಿಂಬದಿಯಲ್ಲಿ ಇಸವಿಯ ಕೆಳಗೆ ಸಣ್ಣ ಉಬ್ಬು ಚುಕ್ಕೆಗಳಿವೆ. ನನ್ನಲ್ಲಿರುವ ಅದೇ ಇಸವಿಯ ಇನ್ನೊಂದು ರೂಪಾಯಿಯಲ್ಲಿ ಆ ಚುಕ್ಕೆಗಳೂ ಇಲ್ಲ, ಜೋಡಿ ಅಕ್ಷರಗಳೂ ಇಲ್ಲ.

ಎರಡನೆಯದು 1917ರ ಐದನೇ ಜಾರ್ಜ್ ಚಿತ್ರವಿರುವ ಕಂಚಿನ ಕಾಲಾಣೆ. ಇದರ ಅಂಚಿನಲ್ಲಿ ಬಿದಿಗೆ ಚಂದ್ರನ ಆಕಾರದಲ್ಲಿ ಒಂದು ತುಂಡು ಇಲ್ಲವೇ ಇಲ್ಲ. ಟಂಕಸಾಲೆಯಲ್ಲೇ ಹೀಗೆ ಹುಟ್ಟಿತೋ, ಯಾರಾದರೂ ಆಮೇಲೆ ಕತ್ತರಿಸಿ ನುಣುಪು ಮಾಡಿದರೋ ನನಗೆ ಗೊತ್ತಾಗುತ್ತಿಲ್ಲ.

ಮೂರನೆಯದು ವಿಕ್ಟೋರಿಯಾ ಎಂಪ್ರೆಸ್ ರೂಪಾಯಿ. ಅಂಚಿನಿಂದ ಹೊರಟು ಒಂದು ಅಕ್ಷರವನ್ನು ದಾಟಿ ರಾಣಿಯ ಮುಖದ ಮುಂದಿನ ಬಯಲಿನಲ್ಲಿ (ಚಿತ್ರ, ಬರಹ ಇಲ್ಲದ ಸಮತಟ್ಟು ಜಾಗದಲ್ಲಿ) ಮುಗಿಯುವ, ಕೂದಲೆಳೆಯಷ್ಟು ಸಣ್ಣ ಗೆರೆ ಇದರಲ್ಲಿದೆ. ಅದೇ ಬಯಲಿನಲ್ಲಿ ಒಂದೇ ದಿಕ್ಕಿಗೆ ಸಾಗುವ ನೂರಾರು ನವಿರು ಗೀರುಗಳೂ ಇವೆ. ಇವೆಲ್ಲ ಯಾರೋ ಉಜ್ಜಿ ತೊಳೆದ ಗುರುತುಗಳಾಗಿದ್ದರೆ ನಾಣ್ಯವನ್ನು ಬದಿಗಿಡುತ್ತೇನೆ. ಬೇರೇನಾದರೂ ಆಗಿದ್ದರೆ ಹೇಗೆ ತಿಳಿಯುವುದು?

ಇವುಗಳ ಬೆಲೆಯ ಬಗ್ಗೆ ನಾನು ಕೇಳುತ್ತಿಲ್ಲ. ಒಂದು ನಾಣ್ಯದ ಮೇಲಿನ ವಿಚಿತ್ರವೊಂದನ್ನು ಕಂಡಾಗ ಅದು ಹುಟ್ಟಿನಿಂದ ಬಂದದ್ದೇ ಎಂದು ನಿರ್ಧರಿಸುವ ಕ್ರಮ ಯಾವುದು, ಮತ್ತು ಹುಟ್ಟಿನಿಂದಲೇ ಬಂದಿದ್ದರೆ ಅದನ್ನು ಬಿಡಿ ದೋಷವೆನ್ನಬೇಕೋ ಅಚ್ಚಿನ ಪ್ರಭೇದವೆನ್ನಬೇಕೋ ಎಂಬುದು ನನ್ನ ಪ್ರಶ್ನೆ.

ಉತ್ತರ 1
ಬರೆದವರು: ಟಂಕಶಾಲಿ

ನಿಮ್ಮ ಕೊನೆಯ ವಾಕ್ಯದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಮೂರೂ ನಾಣ್ಯಗಳ ಉತ್ತರ ಅದರಲ್ಲಿಯೇ ಅಡಗಿದೆ. ನಾಣ್ಯವೊಂದು ಸಿದ್ಧವಾಗುವುದಕ್ಕೆ ಮೂರು ಸಂಗತಿಗಳು ಸೇರಬೇಕು: ಲೋಹದ ಬಿಲ್ಲೆ, ಚಿತ್ರವನ್ನು ತಿರುಗುಮುರುಗಾಗಿ ಕೊರೆದಿರುವ ಎರಡು ಅಚ್ಚುಗಳು, ಮತ್ತು ಆ ಅಚ್ಚುಗಳ ನಡುವೆ ಬಿಲ್ಲೆ ಒತ್ತಿಸಿಕೊಳ್ಳುವ ಕ್ಷಣ. ದೋಷ ಬಿಲ್ಲೆಯಲ್ಲಿದ್ದರೆ ಅಥವಾ ಒತ್ತುವ ಕ್ಷಣದಲ್ಲಿ ಸಂಭವಿಸಿದ್ದರೆ ಅದು ಆ ಒಂದು ನಾಣ್ಯದ ಸ್ವಂತ ಆಸ್ತಿ. ಅದೇ ಆಕಾರದಲ್ಲಿ ಇನ್ನೊಂದು ಸಿಗುವುದಿಲ್ಲ. ದೋಷ ಅಚ್ಚಿನಲ್ಲಿದ್ದರೆ ಮಾತ್ರ ಆ ಅಚ್ಚು ಬದುಕಿರುವಷ್ಟು ಕಾಲ ಹೊರಬಿದ್ದ ಸಾವಿರಾರು ನಾಣ್ಯಗಳಲ್ಲಿ ಅದು ಅದೇ ಜಾಗದಲ್ಲಿ, ಅದೇ ಆಕಾರದಲ್ಲಿ ಮರುಕಳಿಸುತ್ತದೆ. ಅಚ್ಚಿನ ಪ್ರಭೇದವೆಂದು ಕರೆಯಲು ಯೋಗ್ಯವಾದದ್ದು ಈ ಕೊನೆಯದು ಮಾತ್ರ. ಹಾಗಾಗಿ ಒಂದೇ ನಾಣ್ಯವನ್ನು ಹಿಡಿದುಕೊಂಡು ‘ಇದು ಹೊಸ ಪ್ರಭೇದ’ ಎಂದು ಘೋಷಿಸುವವರ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಅದರ ಒಡಹುಟ್ಟು ಒಂದಾದರೂ ಸಿಗುವವರೆಗೆ ಅದು ಅನುಮಾನ ಮಾತ್ರ.

ಈಗ ನಿಮ್ಮ ಜೋಡಿ ಅಕ್ಷರಗಳ ವಿಷಯಕ್ಕೆ ಬರೋಣ. ಇಂಥ ನಾಣ್ಯಗಳನ್ನು ಕಂಡ ಕೂಡಲೇ ಎಲ್ಲರ ಬಾಯಲ್ಲೂ ‘ಡಬಲ್ ಡೈ’ ಎಂಬ ಮಾತು ಬರುತ್ತದೆ, ಆದರೆ ಜೋಡಿಯಾಗಿ ಕಾಣುವುದಕ್ಕೆ ಕನಿಷ್ಠ ನಾಲ್ಕು ಬೇರೆ ಬೇರೆ ಕಾರಣಗಳಿವೆ ಮತ್ತು ಅವುಗಳ ಪೈಕಿ ಅತಿ ಸಾಮಾನ್ಯವಾದದ್ದಕ್ಕೂ ಡಬಲ್ ಡೈಗೂ ಯಾವ ಸಂಬಂಧವೂ ಇಲ್ಲ.

ನಿಜವಾದ ಡಬಲ್ ಡೈ ಹುಟ್ಟುವುದು ನಾಣ್ಯ ಒತ್ತುವ ಯಂತ್ರದಲ್ಲಲ್ಲ, ಅದಕ್ಕೂ ಮೊದಲು, ಅಚ್ಚು ತಯಾರಾಗುವಾಗ. ಹಬ್ ಎಂಬ ಉಕ್ಕಿನ ತಾಯಿಮೊಳೆಯಲ್ಲಿ ಚಿತ್ರ ನಾಣ್ಯದ ಮೇಲಿರುವಂತೆಯೇ ಉಬ್ಬಾಗಿರುತ್ತದೆ. ಅದನ್ನು ಮೆದುಗೊಳಿಸಿದ ಉಕ್ಕಿನ ತುಂಡಿನ ಮೇಲೆ ಭಾರೀ ಒತ್ತಡದಲ್ಲಿ ಇಳಿಸಿದಾಗ ಅಚ್ಚು ಸಿದ್ಧವಾಗುತ್ತದೆ. ಹಿಂದೆ ಒಂದೇ ಒತ್ತಿಗೆ ಚಿತ್ರ ಪೂರ್ತಿ ಇಳಿಯುತ್ತಿರಲಿಲ್ಲ. ಒತ್ತಡದಿಂದ ಗಡಸಾದ ಉಕ್ಕನ್ನು ಕಾಯಿಸಿ ಮತ್ತೆ ಮೆದುಗೊಳಿಸಿ ಎರಡನೆಯ, ಮೂರನೆಯ ಬಾರಿ ಒತ್ತಬೇಕಾಗುತ್ತಿತ್ತು. ಈ ಬಾರಿ ಹಬ್ ಮೊದಲಿನ ಗುರುತಿನ ಮೇಲೆ ಸರಿಯಾಗಿ ಕೂರದೆ ಕೂದಲೆಳೆಯಷ್ಟು ತಿರುಗಿ ಕುಳಿತರೂ ಅಚ್ಚಿನಲ್ಲಿ ಎರಡು ಚಿತ್ರಗಳು ಬೀಳುತ್ತವೆ. ಅಮೆರಿಕದ 1955ರ ಲಿಂಕನ್ ಸೆಂಟ್ ಇದರ ಪ್ರಸಿದ್ಧ ಉದಾಹರಣೆ. ಅದರ ಇಸವಿ ಮತ್ತು ಬರಹ ಬರಿಗಣ್ಣಿಗೇ ಎರಡೆರಡಾಗಿ ಕಾಣುತ್ತವೆ. ಹಬ್ ನಡುಬಿಂದುವಿನ ಸುತ್ತ ತಿರುಗಿದ್ದರಿಂದ ಜೋಡಿತನ ಅಂಚಿನ ಬಳಿ ಹೆಚ್ಚಿದೆ, ನಡುವಿನ ಮುಖದಲ್ಲಿ ಗೋಚರಿಸುವುದಿಲ್ಲ.

ಎರಡನೆಯ ಕಾರಣ, ಮೊಳೆಯನ್ನು ಮತ್ತೊಮ್ಮೆ ಹೊಡೆದದ್ದು. 19ನೇ ಶತಮಾನದಲ್ಲಿ ಇಸವಿಯ ಅಂಕಿಗಳನ್ನೂ ಅಕ್ಷರಗಳನ್ನೂ ಟಂಕಸಾಲೆಯ ಗುರುತುಗಳನ್ನೂ ಎಷ್ಟೋ ಕಡೆ ಬಿಡಿ ಬಿಡಿ ಮೊಳೆಗಳಿಂದ ಕೈಯಾರೆ ಅಚ್ಚಿಗೆ ಹೊಡೆಯುತ್ತಿದ್ದರು. ಮೊದಲ ಏಟು ಓರೆಯಾದರೆ ಅಥವಾ ಆಳ ಸಾಲದಿದ್ದರೆ ಅದೇ ಜಾಗಕ್ಕೆ ಇನ್ನೊಂದು ಏಟು ಬೀಳುತ್ತಿತ್ತು. ಇಂಥ ಜೋಡಿತನ ಒಂದು ಅಕ್ಷರಕ್ಕೋ ಒಂದು ಅಂಕಿಗೋ ಸೀಮಿತವಾಗಿರುತ್ತದೆ, ಪಕ್ಕದ ಅಕ್ಷರಕ್ಕೆ ಹರಡುವುದಿಲ್ಲ. ಒಂದು ಅಂಕಿಯ ಮೇಲೆ ಬೇರೆಯೇ ಅಂಕಿಯನ್ನು ಹೊಡೆದಿರುವುದೂ ಉಂಟು. ಅಮೆರಿಕದ ಡೆನ್ವರ್ ಟಂಕಸಾಲೆಯ 1918ರ ನಿಕ್ಕಲ್‌ಗಳಲ್ಲಿ, ಅಂದರೆ ಐದು ಸೆಂಟಿನ ನಾಣ್ಯಗಳಲ್ಲಿ, 8ರ ಅಡಿಯಿಂದ 7 ಇಣುಕುವ ಪ್ರಭೇದವಿದೆ. ಆದರೆ ಅದು ಹುಟ್ಟಿದ್ದು ಬಿಡಿ ಮೊಳೆಯಿಂದಲ್ಲ, ಎರಡು ವರ್ಷಗಳ ಹಬ್‌ಗಳನ್ನು ಒಂದೇ ಅಚ್ಚಿಗೆ ಒತ್ತಿದ್ದರಿಂದ.

ಮೂರನೆಯದು ಯಂತ್ರದ ಅಲುಗಾಟ. ಸಂಗ್ರಾಹಕರನ್ನು ಅತಿ ಹೆಚ್ಚು ದಾರಿ ತಪ್ಪಿಸುವುದು ಇದೇ. ಅಚ್ಚು ತನ್ನ ಹಿಡಿಕೆಯಲ್ಲಿ ಸಡಿಲವಾಗಿದ್ದರೆ, ಮೊಹರು ಒತ್ತಿ ಎತ್ತುವಾಗ ಕೈ ಜಾರಿದಂತೆ, ನಾಣ್ಯದಿಂದ ಬಿಡಿಸಿಕೊಳ್ಳುವ ಕ್ಷಣದಲ್ಲಿ ಅಚ್ಚು ಪಕ್ಕಕ್ಕೆ ಸರಿಯುತ್ತದೆ. ಆಗತಾನೇ ಎದ್ದುನಿಂತ ಅಕ್ಷರದ ಒಂದು ಮಗ್ಗುಲನ್ನು ಅದು ಕೆಳಕ್ಕೆ ತಳ್ಳಿ ಚಪ್ಪಟೆ ಮಾಡುತ್ತದೆ. ಅಲ್ಲಿ ಹೊಸ ಅಕ್ಷರವೇನೂ ಹುಟ್ಟುವುದಿಲ್ಲ, ಇದ್ದ ಅಕ್ಷರವೇ ಸವೆದು ಮೆಟ್ಟಿಲಾಗುತ್ತದೆ. ನಾಲ್ಕನೆಯದು, ಬಹಳ ಕಾಲ ದುಡಿದ ಅಚ್ಚಿನ ಅಂಚುಗಳು ಸವೆದು ಅಕ್ಷರದ ಸುತ್ತ ಮಸುಕಾದ ಪ್ರಭಾವಳಿ ಏಳುವುದು. ಇದರಲ್ಲಿ ಸ್ಪಷ್ಟವಾದ ಗೆರೆಯೇ ಇರುವುದಿಲ್ಲವಾದ್ದರಿಂದ ಗುರುತಿಸುವುದು ಸುಲಭ.

ಹಾಗಾದರೆ ಲೂಪ್‌ನಡಿ ನೋಡಬೇಕಾದದ್ದೇನು? ಅಕ್ಷರದ ಕಾಲಿನ ತುದಿಯಲ್ಲಿ ಅಡ್ಡಲಾಗಿ ಚಾಚಿರುವ ಚಿಕ್ಕ ಪಾದವಿದೆಯಲ್ಲ, ಅದರ ಮೂಲೆಯನ್ನು ನೋಡಿ. ಹಬ್‌ನಿಂದ ಅಥವಾ ಮೊಳೆಯಿಂದ ಬಂದ ಜೋಡಿತನದಲ್ಲಿ ಎರಡೂ ಪಾದಗಳ ತುದಿಗಳು ಪ್ರತ್ಯೇಕವಾಗಿ, ದುಂಡಗೆ ಎದ್ದು ನಿಂತು, ಅವುಗಳ ನಡುವೆ ಚಿಕ್ಕ ಕಚ್ಚು ಬಿದ್ದಿರುತ್ತದೆ. ಒಟ್ಟಾರೆ ಅಕ್ಷರ ಇರಬೇಕಾದದ್ದಕ್ಕಿಂತ ದಪ್ಪವಾಗಿರುತ್ತದೆ. ಯಂತ್ರದ ಅಲುಗಾಟದಲ್ಲಿ ಜೋಡಿ ಭಾಗವು ಬಯಲಿನ ಮಟ್ಟಕ್ಕೆ ಸಮೀಪದಲ್ಲಿ ಚಪ್ಪಟೆಯಾಗಿ, ಹಲವು ಬಾರಿ ಕನ್ನಡಿಯಂತೆ ಮಿನುಗುತ್ತ ಮಲಗಿರುತ್ತದೆ, ಮತ್ತು ಮೇಲುಳಿದ ಅಕ್ಷರ ಎಂದಿಗಿಂತ ಸಪೂರವಾಗಿರುತ್ತದೆ. ಅಂದರೆ ಒಂದರಲ್ಲಿ ಲೋಹ ಸೇರಿದೆ, ಇನ್ನೊಂದರಲ್ಲಿ ಇದ್ದದ್ದು ಕಳೆದಿದೆ. ನಿಮ್ಮ ಇನ್ನೊಂದು 1862ರ ರೂಪಾಯಿಯನ್ನು ಪಕ್ಕದಲ್ಲಿಟ್ಟುಕೊಂಡು ಅದೇ ಮೂರು ಅಕ್ಷರಗಳ ಕಾಲಿನ ದಪ್ಪವನ್ನು ಹೋಲಿಸಿದರೆ ಅರ್ಧ ಕೆಲಸ ಮುಗಿದಂತೆ. ಸವೆದ ನಾಣ್ಯದಲ್ಲಿ ಈ ಪರೀಕ್ಷೆ ಕಷ್ಟವೆಂಬುದೂ ನಿಜ, ಏಕೆಂದರೆ ಚಲಾವಣೆಯ ಸವಕಳಿ ಎರಡನ್ನೂ ಒಂದೇ ಮಟ್ಟಕ್ಕೆ ತಂದುಬಿಡುತ್ತದೆ.

ಬೆಳಕಿನ ಬಗ್ಗೆ ಒಂದು ಮಾತು. ಒಂದೇ ಕಡೆಯಿಂದ ಬೀಳುವ ಚೂಪಾದ ಎಲ್‌ಇಡಿ ಬೆಳಕು ಚಪ್ಪಟೆ ಮೆಟ್ಟಿಲನ್ನೂ ಉಬ್ಬಿದ ಅಕ್ಷರದಂತೆ ತೋರಿಸುತ್ತದೆ. ಬೆಳಕಿನ ಮುಂದೆ ತೆಳುವಾದ ಬಿಳಿ ಕಾಗದ ಹಿಡಿದು, ನಾಣ್ಯವನ್ನು ನಿಧಾನವಾಗಿ ಸುತ್ತ ತಿರುಗಿಸಿ ನೋಡಿ. ಬೆಳಕಿನ ದಿಕ್ಕು ಬದಲಾದರೂ ಜೋಡಿ ಅಕ್ಷರ ಕದಲದೆ ನಿಂತರೆ ಮುಂದಿನ ಹೆಜ್ಜೆಗೆ ಹೋಗಬಹುದು.

ಉತ್ತರ 2
ಬರೆದವರು: ರೂಪಾಯಿ1862

ಮೇಲಿನವರು ಅಕ್ಷರಗಳ ಬಗ್ಗೆ ವಿವರವಾಗಿ ಬರೆದಿರುವುದರಿಂದ ನಾನು ಚುಕ್ಕೆಗಳನ್ನೂ ಕಾಲಾಣೆಯನ್ನೂ ಎತ್ತಿಕೊಳ್ಳುತ್ತೇನೆ.

ಚುಕ್ಕೆಗಳು ದೋಷವಲ್ಲ. 1862ರ ರೂಪಾಯಿಗಳನ್ನು ಆ ಒಂದೇ ವರ್ಷ ಒತ್ತಿದ್ದಲ್ಲ. ಅದೇ ಇಸವಿಯನ್ನು ಇಟ್ಟುಕೊಂಡು ಹಲವು ವರ್ಷ ಒತ್ತುತ್ತ ಹೋದರು, 1874ರಿಂದ ಈಚೆಗೆ ಮಾತ್ರ ರೂಪಾಯಿಯ ಮೇಲೆ ಹೊಸ ಇಸವಿಗಳು ಬರತೊಡಗಿದವು. ಈ ನಡುವಿನ ವರ್ಷಗಳನ್ನು ಗುರುತಿಸಲೆಂದು ಮುಂಬಯಿ ಟಂಕಸಾಲೆ ಹಿಂಬದಿಯ ಅಚ್ಚಿನಲ್ಲಿ ಚುಕ್ಕೆಗಳನ್ನು ಇಟ್ಟಿತೆಂಬುದು ಅಭ್ಯಾಸಿಗಳ ಸಾಮಾನ್ಯ ಅಭಿಪ್ರಾಯ, ಮತ್ತು ಇಸವಿಯ ಕೆಳಗಿನ, ಮೇಲ್ಭಾಗದ ಚುಕ್ಕೆಗಳ ಎಣಿಕೆಯ ಮೇಲೆಯೇ ಈ ರೂಪಾಯಿಗಳನ್ನು ವಿಂಗಡಿಸುವ ರೂಢಿಯಿದೆ. ಚುಕ್ಕೆಗಳನ್ನು ಎಣಿಸುವ ಮೊದಲು ನಾಣ್ಯ ಯಾವ ಮಾದರಿಯದೆಂದು ನೋಡಿಕೊಳ್ಳಬೇಕು: ಮುಂಬದಿಯಲ್ಲಿ ರಾಣಿಯ ಉಡುಪಿನ ಕಸೂತಿಯ ವಿವರಗಳ ಮೇಲೆ ಎರಡು ಮಾದರಿಗಳಿವೆ, ಹಿಂಬದಿಯಲ್ಲಿ ಮೇಲಿನ ಹೂವಿನ ಆಕಾರದ ಮೇಲೆ ಮತ್ತೆ ಎರಡು. ನಿಮ್ಮ ಎರಡು ರೂಪಾಯಿಗಳು ಮೊದಲಿಗೆ ಒಂದೇ ಮಾದರಿಯವೇ ಎಂದು ಖಚಿತಪಡಿಸಿಕೊಳ್ಳದೆ ಅಕ್ಷರದ ದಪ್ಪವನ್ನು ಹೋಲಿಸಿ ಪ್ರಯೋಜನವಿಲ್ಲ.

ಬೇಕೆಂದೇ ಇಟ್ಟ ಚುಕ್ಕೆಗೂ ಅಚ್ಚಿನಿಂದ ಚಕ್ಕೆ ಹಾರಿ ಉಂಟಾದ ಉಬ್ಬಿಗೂ ವ್ಯತ್ಯಾಸ ಕಾಣುತ್ತದೆ. ಮೊಳೆಯಿಂದ ಬಿದ್ದ ಚುಕ್ಕೆಯ ಸುತ್ತಳತೆ ಸಮನಾಗಿ, ಮೇಲ್ಮೈ ಗುಮ್ಮಟದಂತೆ ನುಣುಪಾಗಿ, ಜಾಗ ಕ್ರಮಬದ್ಧವಾಗಿ ಇರುತ್ತದೆ. ಚಕ್ಕೆ ಹಾರಿದ ಜಾಗದ ಉಬ್ಬು ಒರಟಾಗಿ, ಸೊಟ್ಟಗೆ, ಬಹುಪಾಲು ಯಾವುದೋ ಅಕ್ಷರದ ಅಥವಾ ಎಲೆಯ ಅಂಚಿಗೆ ಅಂಟಿಕೊಂಡೇ ಇರುತ್ತದೆ.

ಹೀಗೆ ಎಣಿಕೆಯಿಂದ ಗುರುತಿಸುವ ಪದ್ಧತಿ ಇದೇ ಮೊದಲಲ್ಲ. ಈಸ್ಟ್ ಇಂಡಿಯಾ ಕಂಪನಿಯ 1840ರ ರೂಪಾಯಿಗಳಲ್ಲೂ ಇಸವಿ ವರ್ಷಗಟ್ಟಲೆ ಬದಲಾಗಲಿಲ್ಲ. ಅಲ್ಲಿ ರಾಣಿಯ ತಲೆಯ ಮೇಲ್ಗಡೆ ಬರಹ ಅಖಂಡವಾಗಿ ಸಾಗಿದೆಯೋ ಎರಡು ಭಾಗವಾಗಿದೆಯೋ ಎಂಬುದು ಮೊದಲ ವಿಂಗಡಣೆ. ಆಮೇಲೆ ಹಿಂಬದಿಯ ಹಾರದಲ್ಲಿನ ಹಣ್ಣುಗಳನ್ನು ಎಣಿಸುತ್ತಾರೆ: 19, 20, 28, 34, 35. ರಾಣಿಯ ಕತ್ತು ಕಡಿದಂತೆ ಮುಗಿಯುವ ಅಂಚಿನಲ್ಲಿ ಕೆತ್ತನೆಗಾರ ವಿಲಿಯಂ ವಯೋನ್ ಅವರ ಹೆಸರಿನ ಮೊದಲಕ್ಷರಗಳು ಉಬ್ಬಿವೆಯೋ ತಗ್ಗಿವೆಯೋ ಎಂಬುದು ಇನ್ನೊಂದು ಗುರುತು. ಇದರಲ್ಲಿ ಯಾವುದೂ ತಪ್ಪಿನಿಂದ ಆದದ್ದಲ್ಲ, ಆದರೂ ಎಲ್ಲವೂ ಅಚ್ಚಿನ ಪ್ರಭೇದಗಳೇ. ದೋಷ ಮತ್ತು ಪ್ರಭೇದ ಎಂಬ ಎರಡನ್ನು ಬೆರೆಸಬಾರದು ಎನ್ನುವುದಕ್ಕೆ ನಮ್ಮ ರೂಪಾಯಿಗಳಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಇನ್ನು ಕಾಲಾಣೆ. ಬಿಲ್ಲೆಗಳನ್ನು ಲೋಹದ ಉದ್ದ ಪಟ್ಟಿಯಿಂದ ಕೊರೆದು ತೆಗೆಯುತ್ತಾರೆ. ಪಟ್ಟಿ ಸಾಕಷ್ಟು ಮುಂದೆ ಸರಿಯದಿದ್ದಾಗ ಕೊರೆಯುವ ಉಪಕರಣ ಹಿಂದಿನ ತೂತಿನ ಮೇಲೆಯೇ ಅರೆಬರೆ ಬಿದ್ದು, ಒಂದು ಕಡೆ ಬಾಗಿದ ತುಂಡು ಇಲ್ಲದ ಬಿಲ್ಲೆ ಹೊರಬರುತ್ತದೆ. ಪಟ್ಟಿಯ ತುದಿಯಲ್ಲಿ ಬಿದ್ದರೆ ಆ ಕಡೆ ನೇರ ಗೆರೆಯಾಗುತ್ತದೆ. ಸಂಗ್ರಾಹಕರು ಇದಕ್ಕೆ ಕ್ಲಿಪ್ ಎನ್ನುತ್ತಾರೆ. ಅಂಥ ಬಿಲ್ಲೆಯ ಅಂಚಿಗೆ ಉಬ್ಬು ದಂಡೆ ಎಬ್ಬಿಸಲು ಸುತ್ತಲಿನಿಂದ ಒತ್ತಿ ಉರುಳಿಸುವಾಗ, ತುಂಡಿಲ್ಲದ ಜಾಗದಲ್ಲಿ ಆಸರೆ ತಪ್ಪುವುದರಿಂದ ಅದಕ್ಕೆ ಸರಿಯಾಗಿ ಎದುರಿನ ಜಾಗದಲ್ಲೂ ಒತ್ತಡ ಬೀಳುವುದಿಲ್ಲ. ಪರಿಣಾಮವಾಗಿ ಕ್ಲಿಪ್‌ನ ಎದುರು ಬದಿಯಲ್ಲಿ ದಂಡೆ ದುರ್ಬಲವಾಗಿರುತ್ತದೆ ಅಥವಾ ಮಾಯವಾಗಿರುತ್ತದೆ. ಇದನ್ನು ಬ್ಲೇಕ್ಸ್‌ಲಿ ಪರಿಣಾಮ ಎನ್ನುತ್ತಾರೆ. ನಾಣ್ಯವನ್ನು ಗಡಿಯಾರದ ಮುಖವೆಂದುಕೊಂಡರೆ, ತುಂಡು ಮೂರು ಗಂಟೆಯ ಜಾಗದಲ್ಲಿದ್ದರೆ ಒಂಬತ್ತರ ಜಾಗದ ದಂಡೆಯನ್ನು ನೋಡಬೇಕು. ಚಿಕ್ಕ ಕ್ಲಿಪ್‌ಗಳಲ್ಲಿ ಇದು ಕಾಣದೆಯೂ ಇರಬಹುದು, ಆದ್ದರಿಂದ ಇದು ಇಲ್ಲವೆಂದ ಮಾತ್ರಕ್ಕೆ ಖೋಟಾ ಎನ್ನಲಾಗದು.

ಇದಕ್ಕಿಂತ ಹೆಚ್ಚು ಹೇಳುವುದು ಕ್ಲಿಪ್‌ನ ಪಕ್ಕದ ಅಕ್ಷರಗಳು. ಬಿಲ್ಲೆಯಲ್ಲಿ ತುಂಡು ಮೊದಲೇ ಇಲ್ಲದಿದ್ದರೆ, ಒತ್ತಿದಾಗ ಲೋಹ ಆ ಖಾಲಿ ಜಾಗದ ಕಡೆಗೆ ಹರಿಯುತ್ತದೆ. ಹಾಗಾಗಿ ಅಲ್ಲಿನ ಅಕ್ಷರಗಳು ಕ್ಲಿಪ್‌ನತ್ತ ಹಿಗ್ಗಿ, ತೆಳುವಾಗಿ ಕರಗಿದಂತೆ ಮುಗಿಯುತ್ತವೆ. ಆಮೇಲೆ ಕತ್ತರಿಸಿದ್ದಾದರೆ ಅಕ್ಷರ ಪೂರ್ಣ ಎತ್ತರದಲ್ಲಿದ್ದಂತೆಯೇ ಕಡಿದುಹೋಗಿರುತ್ತದೆ, ಕತ್ತರಿಸಿದ ಮುಖದ ಮೇಲೆ ಅರದ ಗೀರುಗಳು ಕಾಣಬಹುದು, ಮತ್ತು ಆ ಮುಖದ ಬಣ್ಣ ಉಳಿದ ಅಂಚಿನ ಕಂದು ಬಣ್ಣಕ್ಕೆ ಹೊಂದುವುದಿಲ್ಲ. ಕಾಲಾಣೆಯ ಅಂಚು ನುಣುಪಾದ್ದರಿಂದ ಅಂಚಿನ ಗೆರೆಗಳ ಪರೀಕ್ಷೆ ಇಲ್ಲಿ ಉಪಯೋಗಕ್ಕೆ ಬಾರದು. ರೂಪಾಯಿಯಾಗಿದ್ದರೆ ಅದನ್ನೂ ನೋಡಬಹುದಿತ್ತು.

ಉತ್ತರ 3
ಬರೆದವರು: ಹಳೇಕಾಸು

ಮೇಲಿನ ಎರಡೂ ಉತ್ತರಗಳು ಯಂತ್ರದಲ್ಲಿ ಒತ್ತಿದ ನಾಣ್ಯಗಳಿಗೆ ಮಾತ್ರ ಅನ್ವಯಿಸುತ್ತವೆ ಎಂಬುದನ್ನು ನೆನಪಿಸಬೇಕೆನಿಸಿತು, ಏಕೆಂದರೆ ಇವನ್ನು ಓದಿದ ಯಾರಾದರೂ ನಾಳೆ ಮೊಗಲರ ರೂಪಾಯಿಯನ್ನೋ ಟಿಪ್ಪುವಿನ ಆನೆ ಚಿತ್ರದ ತಾಮ್ರದ ಕಾಸನ್ನೋ ಹಿಡಿದುಕೊಂಡು ‘ಚಿತ್ರ ನಡುವಿನಿಂದ ಸರಿದಿದೆ’ ಎಂದು ದೋಷ ಹುಡುಕತೊಡಗಿದರೆ ಕಷ್ಟ. ಕೈಯಲ್ಲಿ ಸುತ್ತಿಗೆಯಿಂದ ಹೊಡೆದು ತಯಾರಿಸಿದ ನಾಣ್ಯಗಳಲ್ಲಿ ಚಿತ್ರ ಓರೆಯಾಗುವುದು, ಎರಡನೆಯ ಏಟಿನಿಂದ ಬರಹ ಜೋಡಿಯಾಗುವುದು, ಅಂಚು ಸೀಳುವುದು ಎಲ್ಲವೂ ಪದ್ಧತಿಯ ಸಹಜ ಫಲ. ಮೊಗಲ್ ರೂಪಾಯಿಗಳಲ್ಲಂತೂ ಅಚ್ಚು ಬಿಲ್ಲೆಗಿಂತ ದೊಡ್ಡದಾಗಿರುತ್ತಿದ್ದುದರಿಂದ ಇಡೀ ಬರಹ ಒಂದೇ ನಾಣ್ಯದ ಮೇಲೆ ಸಿಗುವುದೇ ಅಪರೂಪ. ಇನ್ನೂ ಹಿಂದಿನ ಮುದ್ರಾಂಕಿತ ಬೆಳ್ಳಿ ನಾಣ್ಯಗಳಿಗೆ ಪೂರ್ಣ ಅಚ್ಚೇ ಇರಲಿಲ್ಲ. ಸೂರ್ಯ, ಬೆಟ್ಟ, ಪ್ರಾಣಿ ಮುಂತಾದ ಚಿಹ್ನೆಗಳನ್ನು ಬೇರೆ ಬೇರೆ ಮೊಳೆಗಳಿಂದ ಒಂದೊಂದಾಗಿ ಒತ್ತುತ್ತಿದ್ದರು.

ಆದರೂ ಈ ನಾಣ್ಯಗಳಲ್ಲಿ ಒಂದು ದೋಷ ಮಾತ್ರ ನಿಜಕ್ಕೂ ದೋಷವೇ. ಹಿಂದೆ ಒತ್ತಿದ ನಾಣ್ಯ ಮೇಲಿನ ಅಚ್ಚಿಗೆ ಅಂಟಿಕೊಂಡು, ಮುಂದಿನ ಬಿಲ್ಲೆ ಅದರ ಕೆಳಗೆ ಸಿಕ್ಕಿಕೊಂಡಾಗ, ಎರಡೂ ಬದಿಯಲ್ಲಿ ಒಂದೇ ಚಿತ್ರ ಬೀಳುತ್ತದೆ: ಒಂದು ಬದಿಯಲ್ಲಿ ಉಬ್ಬಾಗಿ, ಇನ್ನೊಂದರಲ್ಲಿ ಕನ್ನಡಿಬಿಂಬವಾಗಿ ತಗ್ಗಿ. ಬ್ರೋಕೇಜ್ ಎಂದು ಕರೆಯುವ ಇಂಥವು ರೋಮನ್ ಕಾಲದಿಂದ ಆಧುನಿಕ ಕಾಲದವರೆಗೆ ಎಲ್ಲ ಬಗೆಯ ನಾಣ್ಯಗಳಲ್ಲೂ ಸಿಕ್ಕಿವೆ. ಎರಡು ನಾಣ್ಯಗಳನ್ನು ಒಟ್ಟಿಗೆ ಇಕ್ಕಳದಲ್ಲಿ ಹಿಸುಕಿದರೂ ಕನ್ನಡಿಬಿಂಬ ಮೂಡುತ್ತದಾದರೂ, ಹಾಗೆ ಮಾಡಿದಾಗ ಆ ಬದಿಯ ಮೂಲ ಚಿತ್ರದ ಅವಶೇಷ ಅಡಿಯಲ್ಲಿ ಚಪ್ಪಟೆಯಾಗಿ ಉಳಿದೇ ಇರುತ್ತದೆ.

ಪ್ರಶ್ನೆ ಕೇಳಿದವರ ಮರುಬರಹ
ಬರೆದವರು: ಕಾಲಾಣೆ

ಎಲ್ಲರಿಗೂ ಧನ್ಯವಾದ. ಹೇಳಿದಂತೆ ನೋಡಿದೆ. ಕಾಲಾಣೆಯ ಕ್ಲಿಪ್‌ಗೆ ಎದುರಾಗಿ ದಂಡೆ ನಿಜಕ್ಕೂ ತೆಳುವಾಗಿದೆ, ಬಯಲಿನಲ್ಲೇ ಕರಗಿದೆ ಎನ್ನಬಹುದು. ಕ್ಲಿಪ್‌ನ ಪಕ್ಕದ ಅಕ್ಷರ ಅಂಚಿನತ್ತ ಜಗ್ಗಿದಂತಿದೆ. ತೂಕ 4.6 ಗ್ರಾಂ ಬಂದಿದೆ.

ರೂಪಾಯಿಗಳೆರಡೂ ಒಂದೇ ಮುಂಬದಿ ಮಾದರಿಯವು. ಜೋಡಿ ಕಾಣುವ ರೂಪಾಯಿಯಲ್ಲಿ ಆ ಮೂರು ಅಕ್ಷರಗಳ ಕಾಲುಗಳು ಇನ್ನೊಂದಕ್ಕಿಂತ ಸಪೂರವಾಗಿವೆ, ಪಕ್ಕದ ಮೆಟ್ಟಿಲು ಚಪ್ಪಟೆಯಾಗಿದೆ. ಕಾಗದದ ಮೂಲಕ ಬೆಳಕು ಬಿಟ್ಟಾಗ ಒಂದು ದಿಕ್ಕಿನಲ್ಲಿ ಮೆಟ್ಟಿಲು ಕಾಣುವುದೇ ಇಲ್ಲ. ಇದು ಯಂತ್ರದ ಅಲುಗಾಟವೆಂದೇ ತಿಳಿಯುತ್ತೇನೆ. ಹಾಗಿದ್ದರೂ ಮೂರೇ ಅಕ್ಷರಗಳಲ್ಲಿ ಏಕೆ? ಎಂಪ್ರೆಸ್ ರೂಪಾಯಿಯ ಗೆರೆ ಮತ್ತು ಗೀರುಗಳ ಬಗ್ಗೆ ಇನ್ನೂ ಯಾರೂ ಹೇಳಿಲ್ಲ.

ಉತ್ತರ 4
ಬರೆದವರು: ಟಂಕಶಾಲಿ

ಅಚ್ಚು ಸರಿಯುವಾಗ ಓರೆಯಾಗಿಯೂ ಇರಬಹುದಾದ್ದರಿಂದ ಒಂದು ಮೂಲೆಯ ಅಕ್ಷರಗಳಿಗೆ ಮಾತ್ರ ಅದು ತಾಗುತ್ತದೆ. ಮೂರೇ ಅಕ್ಷರಗಳಲ್ಲಿ, ಒಂದೇ ದಿಕ್ಕಿನಲ್ಲಿ ಚಪ್ಪಟೆ ಮೆಟ್ಟಿಲಿರುವುದು ಅಲುಗಾಟದ ಲಕ್ಷಣಕ್ಕೆ ಹೊಂದುತ್ತದೆ. ಕಾಲಾಣೆಯ ವಿಷಯದಲ್ಲಿ, ಅದರ ನಿಗದಿತ ತೂಕ 75 ಗ್ರೇನ್, ಅಂದರೆ ಸುಮಾರು 4.86 ಗ್ರಾಂ. ನಿಮ್ಮ 4.6 ಅದಕ್ಕೆ ವಿರುದ್ಧವಾಗಿಲ್ಲ, ಆದರೆ ತೂಕ ಹೇಳುವುದು ಲೋಹ ಕಡಿಮೆಯಿದೆ ಎಂಬುದನ್ನು ಮಾತ್ರ, ಯಾವಾಗ ಕಡಿಮೆಯಾಯಿತು ಎಂಬುದನ್ನಲ್ಲ. ನಿಮಗೆ ಸಿಕ್ಕಿರುವ ಉತ್ತರ ದಂಡೆಯಿಂದ ಮತ್ತು ಜಗ್ಗಿದ ಅಕ್ಷರದಿಂದ ಬಂದದ್ದು. ನನ್ನ ಮಟ್ಟಿಗೆ ಅಷ್ಟು ಸಾಕು, ಅದು ನಿಜವಾದ ಕ್ಲಿಪ್.

ಎಂಪ್ರೆಸ್ ರೂಪಾಯಿಯ ಗೆರೆಯ ಬಗ್ಗೆ ಮೊದಲು ಕೇಳಬೇಕಾದದ್ದು, ಅದು ಉಬ್ಬಿದೆಯೋ ತಗ್ಗಿದೆಯೋ ಎಂಬುದು. ನಾಣ್ಯದ ಮೇಲೆ ಬಿದ್ದ ಗೀರು ತಗ್ಗಾಗಿಯೇ ಇರುತ್ತದೆ, ಅದರ ಎರಡೂ ದಡಗಳಲ್ಲಿ ಲೋಹ ಸ್ವಲ್ಪ ಮೇಲೆದ್ದಿರಬಹುದು. ಅಚ್ಚು ಬಿರುಕು ಬಿಟ್ಟಿದ್ದರೆ ಆ ಬಿರುಕಿನೊಳಗೆ ನಾಣ್ಯದ ಲೋಹ ನುಗ್ಗುವುದರಿಂದ ನಾಣ್ಯದಲ್ಲಿ ಉಬ್ಬು ಗೆರೆ ಮೂಡುತ್ತದೆ. ನಿಮ್ಮ ಗೆರೆ ಅಂಚಿನಿಂದ ಹೊರಟು ಅಕ್ಷರವನ್ನೂ ಹಾದು ಹೋಗುತ್ತದೆ ಎಂದಿದ್ದೀರಿ. ಬಿರುಕುಗಳು ಬಹುಪಾಲು ಹೀಗೆಯೇ ಅಂಚಿನಲ್ಲಿ ಶುರುವಾಗಿ ಒಳಕ್ಕೆ ನಡೆಯುತ್ತವೆ. ಅಂಥ ಎರಡು ಬಿರುಕುಗಳು ಅಂಚಿನ ಬಳಿ ಕೂಡಿ ಅಚ್ಚಿನ ತುಂಡೇ ಉದುರಿದರೆ, ಆ ಜಾಗದಲ್ಲಿ ಚಿತ್ರವೇ ಇಲ್ಲದೆ ಬರೀ ಲೋಹದ ಗಡ್ಡೆಯಿರುವ ನಾಣ್ಯಗಳು ಹೊರಬರುತ್ತವೆ. ಅದನ್ನು ಕಡ್ ಎನ್ನುತ್ತಾರೆ.

ನವಿರು ಗೀರುಗಳ ವಿಷಯ ಇನ್ನೂ ಸ್ವಾರಸ್ಯದ್ದು. ಅಚ್ಚಿನಲ್ಲಿ ನಾಣ್ಯದ ಬಯಲು ಎತ್ತರದಲ್ಲಿರುತ್ತದೆ, ಅಕ್ಷರ ಮತ್ತು ಮುಖ ಹಳ್ಳದಲ್ಲಿರುತ್ತವೆ. ಟಂಕಸಾಲೆಯವರು ಅಚ್ಚನ್ನು ಉಜ್ಜಿ ಹೊಳಪಿಸಿದಾಗ ಗೀರು ಬೀಳುವುದು ಎತ್ತರದ ಬಯಲಿಗೆ ಮಾತ್ರ. ಆದ್ದರಿಂದ ನಾಣ್ಯದಲ್ಲಿ ಅವು ಉಬ್ಬು ಗೆರೆಗಳಾಗಿ ಕಂಡು, ಅಕ್ಷರದ ಅಂಚಿಗೆ ಬಂದಾಗ ನಿಂತು, ಅದರಾಚೆ ಅದೇ ನೇರದಲ್ಲಿ ಮತ್ತೆ ಮುಂದುವರಿಯುತ್ತವೆ. ನಾಣ್ಯವನ್ನು ಯಾರೋ ತೊಳೆದು ಉಜ್ಜಿದ್ದರೆ ಗೀರು ತಗ್ಗಾಗಿದ್ದು, ಎತ್ತರದ ಕೆನ್ನೆ, ಕೂದಲು, ಅಕ್ಷರದ ನೆತ್ತಿ ಯಾವುದನ್ನೂ ಬಿಡದೆ ಹತ್ತಿಳಿದು ಸಾಗುತ್ತದೆ. ಒಂದು ಅಕ್ಷರದ ಎರಡು ಕಾಲುಗಳ ನಡುವಿನ ಪುಟ್ಟ ಬಯಲನ್ನು ನೋಡಿದರೆ ಸಾಕು, ಉತ್ತರ ಅಲ್ಲೇ ಸಿಗುತ್ತದೆ.

ಹೀಗೆ ಉಜ್ಜುವುದಕ್ಕೆ ಸಾಮಾನ್ಯವಾಗಿ ಒಂದು ಕಾರಣವಿರುತ್ತದೆ. ಬಿಲ್ಲೆ ಬೀಳದೆ ಎರಡು ಅಚ್ಚುಗಳು ಪರಸ್ಪರ ಡಿಕ್ಕಿ ಹೊಡೆದರೆ ಒಂದರ ಚಿತ್ರದ ಹೊರರೇಖೆ ಇನ್ನೊಂದರ ಬಯಲಿಗೆ ಬೀಳುತ್ತದೆ. ಅದರಿಂದ ಒತ್ತಿದ ನಾಣ್ಯದ ಮುಂಬದಿಯಲ್ಲಿ ಹಿಂಬದಿಯ ಬರಹದ ಮಸುಕು ಗುರುತು ತಿರುಗುಮುರುಗಾಗಿ ಕಾಣುತ್ತದೆ. ಇದನ್ನು ಅಳಿಸಲು ಅಚ್ಚನ್ನು ತೇಯುತ್ತಾರೆ, ತೇಯ್ದದ್ದು ಹೆಚ್ಚಾದರೆ ಚಿತ್ರವೇ ಅಳಿಯುತ್ತದೆ. ಅಮೆರಿಕದ 1937ರ ಡೆನ್ವರ್ ನಿಕ್ಕಲ್‌ನಲ್ಲಿ ಕಾಡೆಮ್ಮೆಗೆ ಮೂರೇ ಕಾಲು ಉಳಿದದ್ದು ಹೀಗೆ. ಸಾಮಾನ್ಯ ನಿಕ್ಕಲ್‌ನಿಂದ ಕಾಲನ್ನು ಕೆರೆದು ತೆಗೆದು ಅದನ್ನೇ ಮೂರು ಕಾಲಿನದೆಂದು ಮಾರುವವರು ಇರುವುದರಿಂದ, ಕಾಲಿಲ್ಲ ಎಂಬುದನ್ನು ಅಲ್ಲಿ ಯಾರೂ ಸಾಕ್ಷಿಯಾಗಿ ಸ್ವೀಕರಿಸುವುದಿಲ್ಲ. ಅಸಲಿ ಅಚ್ಚಿಗೇ ವಿಶಿಷ್ಟವಾದ, ಹೊಟ್ಟೆಯ ಕೆಳಗಿನಿಂದ ನೆಲದತ್ತ ಇಳಿಯುವ ಉಬ್ಬು ಚುಕ್ಕೆಗಳ ಸಾಲನ್ನು ಹುಡುಕುತ್ತಾರೆ.

ಅಚ್ಚನ್ನು ಗುರುತಿಸುವ ಈ ಕೆಲಸಕ್ಕೆ ಚಿತ್ರಕ್ಕಿಂತ ನೆರವಾಗುವುದು ಅಂಚಿನ ಹಲ್ಲುಸಾಲು, ಅಂದರೆ ದಂಡೆಯ ಒಳಗೆ ಸುತ್ತಲೂ ಇರುವ ಪುಟ್ಟ ಉಬ್ಬುಗಳ ಸಾಲು. ಒಂದು ಅಕ್ಷರದ ನೇರ ಕಾಲನ್ನು ಹೊರಕ್ಕೆ ಗೆರೆಯಾಗಿ ಎಳೆದರೆ ಅದು ಅಂಚಿನ ಯಾವ ಹಲ್ಲಿಗೆ ತಾಗುತ್ತದೆ, ಹಲ್ಲಿನ ನಡುವಿಗೋ ಎರಡು ಹಲ್ಲುಗಳ ಸಂದಿಗೋ ಎಂದು ಬರೆದಿಡಿ. ಇಸವಿಯ ಕೊನೆಯ ಅಂಕಿಗೂ ಹೀಗೇ ಮಾಡಿ. ಇಂಥ ಮೂರು ನಾಲ್ಕು ಗುರುತುಗಳು ಎರಡು ನಾಣ್ಯಗಳಲ್ಲಿ ಹೊಂದಿದರೆ, ಮತ್ತು ಅವುಗಳ ಜೊತೆಗೆ ಅದೇ ಬಿರುಕೋ ಅದೇ ಗೀರೋ ಇದ್ದರೆ, ಅವು ಒಂದೇ ಅಚ್ಚಿನವು. ಬಿರುಕು ಒಂದರಲ್ಲಿ ಚಿಕ್ಕದಾಗಿ ಇನ್ನೊಂದರಲ್ಲಿ ಉದ್ದವಾಗಿದ್ದರೆ ಯಾವುದು ಮೊದಲು ಒತ್ತಿದ್ದು ಎಂಬುದೂ ತಿಳಿಯುತ್ತದೆ, ಏಕೆಂದರೆ ಅಚ್ಚಿನ ಬಿರುಕು ಬೆಳೆಯುತ್ತದೆಯೇ ಹೊರತು ಕೂಡಿಕೊಳ್ಳುವುದಿಲ್ಲ.

ಉತ್ತರ 5
ಬರೆದವರು: ರೂಪಾಯಿ1862

ಒಂದು ಅಂಶ ಸೇರಿಸುತ್ತೇನೆ. ಎಂಪ್ರೆಸ್ ರೂಪಾಯಿ ಮುಂಬಯಿಯದಾಗಿದ್ದರೆ ಇಸವಿಯ ಕೆಳಗಿನ ‘ಬಿ’ ಗುರುತು ಉಬ್ಬಿದೆಯೋ ತಗ್ಗಿದೆಯೋ ಬರೆದುಕೊಳ್ಳಿ. ಉಬ್ಬಿದ ಅಕ್ಷರವನ್ನು ಅಚ್ಚಿಗೆ ಮೊಳೆಯಿಂದ ನೇರವಾಗಿ ಹೊಡೆಯಬಹುದು. ತಗ್ಗಿದ ಅಕ್ಷರ ಬರಬೇಕಾದರೆ ಅಚ್ಚಿನಲ್ಲಿ ಅದು ಎದ್ದು ನಿಂತಿರಬೇಕು, ಅದು ಮೊಳೆಯ ಏಟಿನಿಂದ ಆಗುವ ಕೆಲಸವಲ್ಲ, ಹಿಂದಿನ ಹಂತದಲ್ಲೇ ಸಿದ್ಧವಾಗಿರಬೇಕು. ಇವೆರಡನ್ನೂ ಬೇರೆ ಬೇರೆಯಾಗಿಯೇ ಎಣಿಸಬೇಕೆನ್ನುವುದು ಇದೇ ಕಾರಣಕ್ಕೆ.

ಗುರುತು ಇಲ್ಲದಿರುವುದನ್ನು ನಂಬುವಾಗ ಇನ್ನೂ ಹೆಚ್ಚಿನ ಎಚ್ಚರ ಬೇಕು. ಐದನೇ ಜಾರ್ಜ್ ರೂಪಾಯಿಗಳಲ್ಲಿ ಮುಂಬಯಿಗೆ ಹಿಂಬದಿಯ ಕೆಳಗಿನ ಕಮಲದ ಹೂವಿನ ಬಳಿ ಒಂದು ಚುಕ್ಕೆಯಿರುತ್ತದೆ, ಕಲ್ಕತ್ತೆಗೆ ಯಾವ ಗುರುತೂ ಇಲ್ಲ. ಅಚ್ಚಿನ ಆ ಪುಟ್ಟ ಕುಳಿಯಲ್ಲಿ ಜಿಡ್ಡು ತುಂಬಿಕೊಂಡರೆ ಮುಂಬಯಿಯ ರೂಪಾಯಿ ನೋಡುವವರಿಗೆ ಕಲ್ಕತ್ತೆಯದಾಗಿಬಿಡುತ್ತದೆ. ಅಮೆರಿಕದ 1922ರ ಸೆಂಟ್‌ನಲ್ಲಿ ಇಂಥ ಸಂದೇಹಕ್ಕೆ ಆಸ್ಪದವಿಲ್ಲ, ಏಕೆಂದರೆ ಆ ವರ್ಷ ಸೆಂಟ್ ಒತ್ತಿದ್ದು ಡೆನ್ವರ್ ಒಂದೇ. ‘ಡಿ’ ಅಕ್ಷರ ಇಲ್ಲದ್ದೆಲ್ಲ ಸವೆದ, ತೇಯ್ದ ಅಥವಾ ಜಿಡ್ಡು ತುಂಬಿದ ಅಚ್ಚಿನ ಫಲ, ಇಲ್ಲವೇ ಆಮೇಲೆ ಯಾರೋ ಕೆರೆದದ್ದು. ನಮ್ಮಲ್ಲಿ ಎರಡೂ ಟಂಕಸಾಲೆಗಳು ಒಟ್ಟಿಗೆ ದುಡಿದ ವರ್ಷಗಳಲ್ಲಿ ಚುಕ್ಕೆಯ ಸುತ್ತಲಿನ ಎಲೆಗಳೂ ಮಸುಕಾಗಿವೆಯೇ ಎಂದು ನೋಡಬೇಕು. ಜಿಡ್ಡು ಒಂದು ಚುಕ್ಕೆಯನ್ನಷ್ಟೇ ಆರಿಸಿಕೊಂಡು ತುಂಬುವುದಿಲ್ಲ.

ಪ್ರಶ್ನೆ ಕೇಳಿದವರ ಮರುಬರಹ
ಬರೆದವರು: ಕಾಲಾಣೆ

ಎಂಪ್ರೆಸ್ ರೂಪಾಯಿಯ ಗೆರೆ ಉಬ್ಬಿದೆ, ಬೆರಳುಗುರಿಗೆ ತಗಲುವುದಿಲ್ಲ, ಆದರೆ ಓರೆ ಬೆಳಕಿನಲ್ಲಿ ಅದರ ನೆರಳು ಹೊರಮಗ್ಗುಲಿಗೇ ಬೀಳುತ್ತದೆ. ನವಿರು ಗೀರುಗಳಲ್ಲಿ ಎರಡು ಬಗೆಯಿವೆ. ಬಯಲಿನಲ್ಲಿರುವವು ಅಕ್ಷರದ ಬುಡದಲ್ಲಿ ನಿಂತು ಆಚೆ ಮತ್ತೆ ಶುರುವಾಗುತ್ತವೆ. ರಾಣಿಯ ಕೆನ್ನೆಯ ಮೇಲೆ ಬೇರೆ ದಿಕ್ಕಿನ ಕೆಲವು ತಗ್ಗು ಗೀರುಗಳಿವೆ. ‘ಬಿ’ ಗುರುತು ಉಬ್ಬಿದೆ.

ಉತ್ತರ 6
ಬರೆದವರು: ಟಂಕಶಾಲಿ

ಹಾಗಿದ್ದರೆ ಅಚ್ಚನ್ನು ಟಂಕಸಾಲೆಯವರು ಉಜ್ಜಿದ್ದಾರೆ, ಕೆನ್ನೆಯನ್ನು ಆಮೇಲೆ ಯಾರೋ ಉಜ್ಜಿದ್ದಾರೆ. ಎರಡೂ ಒಂದೇ ನಾಣ್ಯದಲ್ಲಿ ಸೇರಿವೆ. ಬದಿಗಿಡಬೇಡಿ. ಬಿರುಕು ಹಾದುಹೋಗುವ ಅಕ್ಷರ ಯಾವುದು, ಅದು ಹೊರಡುವ ಜಾಗ ಅಂಚಿನ ಎಷ್ಟನೆಯ ಹಲ್ಲು, ಮುಗಿಯುವುದು ಮೂಗಿಗೆ ಎಷ್ಟು ದೂರದಲ್ಲಿ ಎಂಬುದನ್ನು ನಾಣ್ಯವನ್ನು ನೆಟ್ಟಗೆ ಇಟ್ಟು ತೆಗೆದ ಚಿತ್ರದ ಜೊತೆ ಇಲ್ಲಿ ಹಾಕಿ. ಅದೇ ಇಸವಿಯ, ಉಬ್ಬಿದ ‘ಬಿ’ ಇರುವ ರೂಪಾಯಿ ಇರುವವರು ಆ ಹಲ್ಲಿನಿಂದಲೇ ಹುಡುಕಲು ಶುರುಮಾಡಬಹುದು.